ನಿಲ್ಲಿಸುವ ಕ್ರಮ

ನನ್ನ ತಮ್ಮ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದಾನೆ. ಒಂದು ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ, ನೆರೆಮನೆಯ ಹಿರಿಯರೊಬ್ಬರು ತಮ್ಮ ವಿಮಾನ ನೋಡಲು ನಮ್ಮನ್ನು ಕರೆದರು. ಕೊಂಡುಕೊಂಡ ವಿಮಾನವಲ್ಲ, ಕೈಯಾರೆ ಕಟ್ಟಿದ್ದು. ನಮ್ಮಲ್ಲಿ ನಿವೃತ್ತರಾದವರು ಮನೆ ಕಟ್ಟಿಸುತ್ತಾರೆ; ಅಲ್ಲಿ ಕೆಲವರು ವಿಮಾನ ಕಟ್ಟುತ್ತಾರೆ! ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗಾಗಿಯೋ ಸಂತೋಷಕ್ಕಾಗಿಯೋ ಸ್ವತಃ ಮಾಡಿದ್ದರೆ ಅಲ್ಲಿನ ಸರ್ಕಾರ ಅಂಥ ವಿಮಾನಗಳನ್ನು ‘ಪ್ರಾಯೋಗಿಕ’ ಎಂಬ ವರ್ಗದಲ್ಲಿ ಹಾರಲು ಬಿಡುತ್ತದೆ. ಇಂಥವರ ಸಂಘವೊಂದು 1953ರಲ್ಲಿ ಆ ರಾಜ್ಯದಲ್ಲೇ ಹುಟ್ಟಿತು.

ಆ ವಿಮಾನಕ್ಕೆ ಅವರು ಕೂರಿಸಿದ್ದು ಜಪಾನಿನ ಮಜ್ದಾ ಕಾರಿನ ರೋಟರಿ ಎಂಜಿನ್. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಯೋಚಿಸಿದ ಈ ಬಗೆಯ ಎಂಜಿನ್ ಮೊದಲು ಓಡಿದ್ದು 1957ರಲ್ಲಿ. ಇದರಲ್ಲಿ ಮೇಲೆ ಕೆಳಗೆ ಜಿಗಿಯುವ ಪಿಸ್ಟನ್ ಇಲ್ಲ. ಉಬ್ಬಿದ ಬದಿಗಳ ತ್ರಿಕೋನದಂಥ ರೋಟರ್ ತಿರುಗುತ್ತಲೇ ಇಂಧನ ಎಳೆದು, ಒತ್ತಿ, ಉರಿಸಿ, ಹೊಗೆಯನ್ನು ಹೊರಗೆ ತಳ್ಳುತ್ತದೆ.

ಅವರು ಒಂದು ಸುತ್ತು ಹಾರಿ ಇಳಿದು, ಶೆಡ್ಡಿನ ಮುಂದೆ ವಿಮಾನ ನಿಲ್ಲಿಸಿದರು. ಆದರೆ ಎಂಜಿನ್ ನಿಲ್ಲಿಸಲಿಲ್ಲ. ಸಣ್ಣಗೆ ಓಡಲು ಬಿಟ್ಟು ಸುಮ್ಮನೆ ಕುಳಿತರು. ನಾವು ದೂರದಲ್ಲಿ ಕಾದೆವು. ಎಷ್ಟೋ ನಿಮಿಷದ ಮೇಲೆ ಸದ್ದು ಮುಗ್ಗರಿಸಿತು, ಕೆಮ್ಮಿದಂತಾಯಿತು, ನಿಂತಿತು. ಆಮೇಲೆ ಇನ್ನೊಂದು ಸ್ವಿಚ್ ಆರಿಸಿ ಇಳಿದು ಬಂದರು.

ಇಷ್ಟು ಹೊತ್ತೇಕೆ ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: ಈ ಎಂಜಿನ್ನಿನ ಹೊಗೆ ವಿಪರೀತ ಬಿಸಿ. ನೀರೂ ಎಣ್ಣೆಯೂ ಸುತ್ತುತ್ತಿದ್ದರೆ ಆ ಕಾವನ್ನು ಹೊತ್ತೊಯ್ಯುತ್ತವೆ; ತಟ್ಟನೆ ನಿಲ್ಲಿಸಿದರೆ ಕಾವು ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ತಣಿಯಲು ಬಿಡಬೇಕು. ಆಮೇಲೆ ಇಂಧನ ಕತ್ತರಿಸಬೇಕು, ಕಿಡಿಯನ್ನಲ್ಲ. ಒಳಗೆ ಉಳಿದದ್ದು ಉರಿದು ತೀರಲಿ. ಕಡೆಗೆ ಕಿಡಿಯ ಸ್ವಿಚ್.

“ಕ್ರಮ ತಪ್ಪಿದರೆ?” ಎಂದೆ. ಅವರು ನಕ್ಕರು. ಒಮ್ಮೆ ವಿಮಾನವನ್ನು ನಾಲ್ಕು ಗಜ ಸರಿಸಲೆಂದು ತಣ್ಣಗಿದ್ದ ಎಂಜಿನ್ ಹೊತ್ತಿಸಿ ಕೂಡಲೇ ಆರಿಸಿದ್ದರಂತೆ. ಉರಿಯದ ಪೆಟ್ರೋಲು ಒಳಗೇ ಉಳಿದು, ರೋಟರಿನ ಅಂಚಿನ ಎಣ್ಣೆಯ ಪದರವನ್ನು ತೊಳೆದುಬಿಟ್ಟಿತು. ಮಾರನೆಯ ದಿನ ಎಷ್ಟು ತಿರುಗಿಸಿದರೂ ಹೊತ್ತಲಿಲ್ಲ. ಎಂಜಿನ್ ಕೆಟ್ಟಿರಲಿಲ್ಲ, ನಿಲ್ಲಿಸಿದ ರೀತಿ ಕೆಟ್ಟಿತ್ತು.

‘ರೋಟರಿ’ ಎಂಬ ಹೆಸರು ಹಿಂದೆ ಬೇರೊಂದು ಎಂಜಿನ್ನಿಗೂ ಇತ್ತಂತೆ. 1914ರಿಂದ 1918ರ ಮಹಾಯುದ್ಧದ ಎಷ್ಟೋ ವಿಮಾನಗಳಲ್ಲಿ ಸಿಲಿಂಡರುಗಳೇ ಪ್ರೊಪೆಲರಿನೊಡನೆ ಸುತ್ತುತ್ತಿದ್ದವು. ಇಳಿಯುವಾಗ ಪೈಲಟ್ ಗುಂಡಿಯೊತ್ತಿ ಕಿಡಿಯನ್ನು ಆಗಾಗ ತಡೆಯುತ್ತಿದ್ದ. ಇಂಧನ ಮಾತ್ರ ಹರಿಯುತ್ತಲೇ ಇರುತ್ತಿತ್ತು. ಬಹಳ ಹೊತ್ತು ತಡೆದರೆ ಅದು ಕವಚದೊಳಗೆ ಶೇಖರವಾಗಿ, ಮತ್ತೆ ಕಿಡಿ ಬಂದೊಡನೆ ಬೆಂಕಿ ಹತ್ತುವ ಅಪಾಯವಿತ್ತು.

ನನಗೆ ಅಡುಗೆಮನೆ ನೆನಪಾಯಿತು. ರಾತ್ರಿ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಟ್ಯೂಬಿನಲ್ಲಿರುವ ಗ್ಯಾಸು ಉರಿದು ತೀರಿದ ಮೇಲೆ ಒಲೆಯ ಗುಬ್ಬಿ ತಿರುಗಿಸುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಜನಕ್ಕಿದೆ. ಒಲೆಗೆ ತಿಳಿದ ಈ ಕ್ರಮ ನನ್ನ ಬಾಳಿಗೆ ತಿಳಿದಿರಲಿಲ್ಲ.

ಅಪ್ಪ ಹೋದ ಮೇಲೆ ಮನೆಯ ಪಾಲಿನ ವಿಷಯದಲ್ಲಿ ನನಗೂ ಅಕ್ಕನಿಗೂ ಮಾತು ಬಂತು. ಒಂದು ಸಂಜೆ ನಾನು ಮಾತು ನಿಲ್ಲಿಸಿದೆ. ಹನ್ನೊಂದು ವರ್ಷ! “ನಾನು ಜಗಳವಾಡಲಿಲ್ಲ, ಸುಮ್ಮನಾದೆ” ಎಂದು ಎಲ್ಲರೆದುರು ಹೇಳಿಕೊಂಡೆ. ಅದು ನನ್ನ ದೊಡ್ಡತನವೆಂದೇ ನಂಬಿದ್ದೆ. ನಿಜವಾಗಿ ನಾನು ನಿಲ್ಲಿಸಿದ್ದು ಕಿಡಿಯನ್ನು ಮಾತ್ರ. ರಾತ್ರಿ ಪಾತ್ರೆ ತೊಳೆಯುವಾಗ ಅವಳ ಒಂದೊಂದು ಮಾತನ್ನೂ ಮತ್ತೆ ತೆಗೆದು, ಆಡಬೇಕಾಗಿದ್ದ ಉತ್ತರ ಜೋಡಿಸುತ್ತಿದ್ದೆ. ಇಂಧನ ಹರಿಯುತ್ತಲೇ ಇತ್ತು. ಕಡೆಗೊಮ್ಮೆ ನಾನೇ ಫೋನು ಮಾಡಿದಾಗ ಎರಡು ಮಾತಿಗೇ ಹಳೆಯದೆಲ್ಲ ನುಗ್ಗಿ ಬಂತು. “ಇದನ್ನು ಹೇಳೋದಕ್ಕೆ ಫೋನ್ ಮಾಡಿದ್ಯಾ?” ಎಂದು ಅವಳು ಇಟ್ಟುಬಿಟ್ಟಳು.

ಮೌನ ಕ್ಷಮೆಯಲ್ಲ. ಜಗಳವನ್ನು ನಿಲ್ಲಿಸುವುದೆಂದರೆ ಅದಕ್ಕೆ ಉಣಿಸುವುದನ್ನು ನಿಲ್ಲಿಸುವುದು. ಬಾಯಿ ಮುಚ್ಚುವುದು ಆಮೇಲಿನ ಮಾತು. ಆ ಸಂಜೆ ಇನ್ನೊಂದು ಗಂಟೆ ಕುಳಿತು, ದನಿ ತಗ್ಗಿಸಿ, ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನು ಆಡಿ ತೀರಿಸಿದ್ದರೆ ಪಾಲು ಹೇಗಿದ್ದರೂ ನಂಟು ಉಳಿಯುತ್ತಿತ್ತೇನೋ.

ಹಾಗೆಂದು ಯಾವಾಗಲೂ ನಿಧಾನವೇ ಧರ್ಮವೆ? ಇದನ್ನೂ ಆ ಹಿರಿಯರನ್ನೇ ಕೇಳಿದೆ. “ಬೆಂಕಿ ಬಿದ್ದರೆ ತಣಿಸುತ್ತಾ ಕೂರುವುದಿಲ್ಲ. ಇಂಧನ ಮುಚ್ಚಿ, ಎಲ್ಲ ಆರಿಸಿ, ಹೊರಗೆ ಬರುತ್ತೇನೆ. ಎಂಜಿನ್ ಹಾಳಾದರೆ ಆಗಲಿ,” ಎಂದರು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಮರೆಯದೆ ಹೇಳಬೇಕು. ಹೊಡೆತ ತಿನ್ನುವ ಮನೆಯಲ್ಲಿ ಕುಳಿತವಳಿಗೆ “ಸ್ವಲ್ಪ ತಾಳಿಕೋ, ಎಲ್ಲ ತಣ್ಣಗಾಗುತ್ತೆ” ಎನ್ನುವುದು ಬುದ್ಧಿವಾದವಲ್ಲ. ಕಾವು ಬೇರೆ, ಬೆಂಕಿ ಬೇರೆ. ಯಾವುದು ಯಾವುದೆಂದು ಒಳಗೆ ಕುಳಿತವಳೇ ಹೇಳಬೇಕು, ಹೊರಗೆ ನಿಂತವರಲ್ಲ.

ನನ್ನದು ಬರೀ ಕಾವಾಗಿತ್ತು. ಪೆಟ್ರೋಲು ತುಂಬಿ ಕೂತ ಎಂಜಿನ್ನನ್ನು ಮತ್ತೆ ಓಡಿಸುವ ಉಪಾಯವನ್ನೂ ಅವರು ತಿಳಿಸಿದ್ದರು: ಹೊಸ ಇಂಧನ ಕೊಡದೆ ಬರಿದೇ ತಿರುಗಿಸಿ ಒಳಗಿನದನ್ನು ಹೊರಹಾಕಬೇಕು, ಚೂರು ಎಣ್ಣೆ ಬಿಡಬೇಕು, ಮತ್ತೆ ಪ್ರಯತ್ನಿಸಬೇಕು. ಊರಿಗೆ ಬಂದ ಮೇಲೆ ಅಕ್ಕನಿಗೆ ಪ್ರತಿ ಭಾನುವಾರ ಫೋನು ಮಾಡುತ್ತೇನೆ. ಪಾಲಿನ ಮಾತು ಎತ್ತುವುದಿಲ್ಲ. ಮೊದಮೊದಲು “ಹೂಂ”, “ಉಹೂಂ” ಅಷ್ಟೇ. ಕಳೆದ ವಾರ ಅವಳೇ ಕೇಳಿದಳು, “ಅಮ್ಮ ಮಾಡ್ತಿದ್ದ ಮೆಂತ್ಯದ ಹಿಟ್ಟಿಗೆ ಗೋಧಿ ಎಷ್ಟು ಹಾಕ್ತಿದ್ಲೇ?”

ನನಗೆ ಗೊತ್ತಿತ್ತು. ಆದರೂ, “ನೀನೇ ಹೇಳೇ ಅಕ್ಕಾ, ನಿನಗೇ ಚೆನ್ನಾಗಿ ನೆನಪಿರೋದು” ಎಂದೆ.