ಕೂಲಿಯ ಖಡ್ಗವೂ ಮನೆಯ ಮಗುವೂ

ದಾರಿಕಾರರನ್ನು ಸುಲಿದು ಜೀವಿಸುತ್ತಿದ್ದವನೊಬ್ಬನನ್ನು ಋಷಿಗಳು ತಡೆದು ಕೇಳಿದ ಪ್ರಶ್ನೆಯು ಪುರಾಣ ಕೇಳಿದ ಪ್ರತಿಯೊಂದು ಮನೆಗೂ ತಿಳಿದದ್ದೇ ಆಗಿದೆ. ಈ ಕೆಲಸವನ್ನು ಯಾರ ಸಲುವಾಗಿ ಮಾಡುವಿಯೆಂದು ಅವರು ಕೇಳಿದರು. ಹೆಂಡಿರು ಮಕ್ಕಳ ಸಲುವಾಗಿ ಎಂದು ಅವನು ಉತ್ತರ ಕೊಟ್ಟನು. ಗಳಿಕೆಯಲ್ಲಿ ಪಾಲುಗಾರರಾದ ಅವರು ಪಾಪದಲ್ಲಿಯೂ ಪಾಲುಗಾರರಾಗುವರೇ ಎಂಬದನ್ನು ವಿಚಾರಿಸಿಕೊಂಡು ಬಾ ಎಂದು ಋಷಿಗಳು ಅವನನ್ನು ಮನೆಗೆ ಕಳಿಸಿದರು. ಮನೆಯವರು ಒಪ್ಪಲಿಲ್ಲ; ಅವನ ಕಣ್ಣು ತೆರೆಯಿತು.

ಕಥೆಯು ಇಲ್ಲಿಗೆ ಮುಗಿದರೂ ಪ್ರಶ್ನೆಯು ಮುಗಿಯುವದಿಲ್ಲ. ಪಾಪವು ಮಾಡಿದವನದು, ಉಂಡವರದಲ್ಲ ಎಂದು ಹೆಂಡಿರು ಮಕ್ಕಳು ಹೇಳಬಹುದು. ಶಾಸ್ತ್ರವೂ ಅವರ ಕಡೆಗೇ ನಿಲ್ಲುವದು. ಆದರೆ ಪಾಪದ ಪಾಲು ಬೇರೆ, ಪಾಪದಿಂದ ಹುಟ್ಟಿದ ದುಃಖದ ಪಾಲು ಬೇರೆ. ಮೊದಲನೆಯದನ್ನು ಬೇಡವೆನ್ನಲು ಮನೆಯವರಿಗೆ ಅಧಿಕಾರವುಂಟು. ಎರಡನೆಯದನ್ನು ಬೇಡವೆನ್ನಲು ಅವರಿಗೆ ಶಕ್ತಿಯುಂಟೇ? ಮಕ್ಕಳ ಸಲುವಾಗಿ ಎಂದು ಹೇಳಿ ಕೈಯನ್ನು ಮಾರಿಕೊಂಡವನು ಆ ಮಕ್ಕಳಿಗೆ ಕೊನೆಗೆ ಏನನ್ನು ಬಿಟ್ಟು ಹೋಗುವನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾದದ್ದಿಲ್ಲ. ಧಾರವಾಡ ಸೀಮೆಯ ನೆಲದ ಮೇಲೆಯೇ ಇದರ ಒಂದು ಉದಾಹರಣೆಯು ನಡೆದುಹೋಗಿದೆ.

ಸವಾಯಿ ಗಂಧರ್ವರ ಸಂಗೀತದಿಂದ ಇಂದು ಹೆಸರಾಗಿರುವ ಕುಂದಗೋಳವು ಹುಬ್ಬಳ್ಳಿಯಿಂದ ಕೆಲವೇ ಹರದಾರಿಗಳ ದಾರಿ. ೧೮೦೦ನೆಯ ಇಸವಿಯ ಜುಲೈ ತಿಂಗಳಲ್ಲಿ ಆ ಊರಿನ ಕೋಟೆಯೊಳಗೆ ಧೋಂಡಿಯಾ ವಾಘನ ಠಾಣೆಯಿತ್ತು. ಅದನ್ನು ಕುಂಪಣಿಯ ದಂಡು ಏರಿ ಹಿಡಿಯಿತು. ಈ ಧೋಂಡಿಯಾನು ಚನ್ನಗಿರಿಯಲ್ಲಿ ಹುಟ್ಟಿದ ಮರಾಠನು. ಹೈದರನ ಕುದುರೆಯ ದಂಡಿನಲ್ಲಿ ಸವಾರನಾಗಿ ಸೇರಿ, ಟಿಪ್ಪುವಿನ ಕಾಲಕ್ಕೂ ಅಲ್ಲಿಯೇ ಇದ್ದು, ಕಾರ್ನ್‌ವಾಲಿಸನ ಯುದ್ಧದ ಗದ್ದಲದಲ್ಲಿ ಒಡೆಯನನ್ನು ಬಿಟ್ಟು, ಕೈಗೆ ಸಿಕ್ಕ ಲೂಟಿಯೊಡನೆ ತುಂಗಭದ್ರೆಯನ್ನು ದಾಟಿ ಲಕ್ಷ್ಮೇಶ್ವರದ ಕಡೆಗೆ ಬಂದನು. ಮುಂದೆ ಹಾವೇರಿ, ಸವಣೂರು ಸೀಮೆಗಳು ಅವನ ಸುಲಿಗೆಗೆ ಒಳಗಾದವು. ಪೇಶವೆಯರ ಸರದಾರನಾದ ಧೋಂಡೋಪಂತ ಗೋಖಲೆಯು ಅವನನ್ನು ಸೋಲಿಸಿ ಓಡಿಸಲು, ೧೭೯೪ರಲ್ಲಿ ಬಿಟ್ಟುಬಂದ ಟಿಪ್ಪುವಿನ ಬಳಿಗೇ ತಿರುಗಿ ಹೋದನು. ಟಿಪ್ಪುವು ಅವನ ಮತವನ್ನೂ ಹೆಸರನ್ನೂ ಬದಲಿಸಿ ಮಲಿಕ್ ಜಹಾನ್ ಖಾನನನ್ನಾಗಿ ಮಾಡಿ, ಕೆಲವು ಕಾಲದ ಮೇಲೆ ಸೆರೆಯಲ್ಲಿಟ್ಟನು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಾಗ ಸೆರೆಯ ಬಾಗಿಲು ತೆರೆಯಿತು. ಒಡೆಯನನ್ನು ಕಳೆದುಕೊಂಡು ಚದರಿದ್ದ ಸವಾರರೆಲ್ಲ ಅವನ ಸುತ್ತ ಕೂಡಿದರು. ಅವನು ತನ್ನನ್ನು ಉಭಯಲೋಕಾಧೀಶ್ವರನೆಂದು ಕರೆಸಿಕೊಂಡನು.

ಇಂದು ಕೆಲವರು ಅವನನ್ನು ಪರಕೀಯರೊಡನೆ ಕಾದಿ ಮಡಿದ ವೀರನೆಂದು ಕೊಂಡಾಡುವದುಂಟು. ಅವನ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಅವನ ಶತ್ರುಗಳು ಕೂಡ ಅವನನ್ನು ಹಗುರಾಗಿ ಎಣಿಸಲಿಲ್ಲ. ಆದರೆ ಸವಣೂರು, ಹಾವೇರಿಗಳ ಜನರು ಅವನಿಗೆ ಯಾವ ಅಪರಾಧವನ್ನೂ ಮಾಡಿದ್ದಿಲ್ಲ. ಅವರು ಪರಕೀಯರೂ ಆಗಿದ್ದಿಲ್ಲ. ಖಡ್ಗವು ಯಾರ ಮೇಲೆ ಬೀಳುವದೆಂಬ ವಿಚಾರವಿಲ್ಲದೆ ಹಿಡಿದವನ ಶೌರ್ಯವು ಮಳೆಗಾಲದ ಹಳ್ಳದಂತೆ. ಹೊಲಕ್ಕೆ ನೀರುಣಿಸಿದರೂ ಕೊಚ್ಚಿಕೊಂಡು ಹೋದರೂ ಅದರಲ್ಲಿ ಹಳ್ಳದ ಪುಣ್ಯವಿಲ್ಲ.

ಕೌಟಿಲ್ಯನು ಸೇನಾಬಲವನ್ನು ಮೌಲ, ಭೃತಕ, ಶ್ರೇಣಿ, ಮಿತ್ರ, ಅಮಿತ್ರ, ಅಟವಿ ಎಂದು ಆರು ಬಗೆಯಾಗಿ ವಿಂಗಡಿಸಿ, ಮುಂದಿನದಕ್ಕಿಂತ ಹಿಂದಿನದು ಮೇಲೆಂದು ಹೇಳಿದ್ದಾನೆ. ಕಾರಣವೇನಂದರೆ, ಮೌಲಬಲದವನ ಬಾಳು ರಾಜನ ಬಾಳಿನೊಡನೆ ಹೆಣೆದುಕೊಂಡಿರುವದು. ಕಡೆಯ ಎರಡು ಬಲಗಳಾದರೋ ಸುಲಿಗೆಯ ಆಸೆಯಿಂದಲೇ ಬರುವವು. ಸುಲಿಗೆಯು ದೊರೆಯದಿದ್ದರೆ, ಇಲ್ಲವೆ ಒಡೆಯನಿಗೆ ಕಷ್ಟವೊದಗಿದರೆ, ಮನೆಯೊಳಗಿನ ಹಾವಿನ ಹಾಗೆ ಅವುಗಳಿಂದಲೇ ಭಯವೆಂದು ಆ ಶಾಸ್ತ್ರಕಾರನು ಎಚ್ಚರಿಸಿದ್ದಾನೆ. ರಾಜ್ಯದ ಹಿತವನ್ನು ನೋಡಿ ಬರೆದ ಮಾತಿದು. ಇದೇ ಮಾತನ್ನು ಕೂಲಿಯ ಖಡ್ಗ ಹಿಡಿದವನ ಮನೆಯ ಹಿತವನ್ನು ನೋಡಿಯೂ ವಿಚಾರಿಸಬೇಕಾಗಿದೆ.

೧೮೦೦ರ ಜೂನ್ ೩೦ರಂದು ಕಿತ್ತೂರಿನ ಹತ್ತಿರ ಧೋಂಡಿಯಾನು ತನ್ನ ಹಳೆಯ ವೈರಿಯಾದ ಧೋಂಡೋಪಂತ ಗೋಖಲೆಯ ಮೇಲೆ ಬಿದ್ದು ಅವನನ್ನು ಕೊಂದನು. ವೈರಿಯ ರಕ್ತದಿಂದ ಮೀಸೆಯನ್ನು ತೊಯ್ಯಿಸುವೆನೆಂದು ಮಾಡಿದ್ದ ಪ್ರತಿಜ್ಞೆಯನ್ನು ಅಂದು ಪೂರೈಸಿಕೊಂಡನೆಂಬ ಪ್ರತೀತಿಯಿದೆ. ಅದೇ ಕಾಳಗದಲ್ಲಿ ಗಾಯಗೊಂಡು ಉಳಿದ ಬಾಪು ಗೋಖಲೆಯು ಆ ಸರದಾರನ ತಮ್ಮಂದಿರ ಪೈಕಿಯವನಲ್ಲ, ಮಗನ ಸ್ಥಾನದಲ್ಲಿದ್ದವನು. ಪಿತೃವ್ಯನ ದಂಡೂ ಅವನ ಹಗೆಯೂ ಒಟ್ಟಿಗೇ ಅವನ ಪಾಲಿಗೆ ಬಂದವು. ಅವನೇ ಮುಂದೆ ಪೇಶವೆಯ ಕಡೆಯ ಸೇನಾಪತಿಯಾಗಿ, ೧೮೧೮ರಲ್ಲಿ ಅಷ್ಟಿಯ ಕಾಳಗದಲ್ಲಿ ಮಡಿದನು. ಖಡ್ಗದ ಮನೆತನಗಳಲ್ಲಿ ಆಸ್ತಿಗಿಂತ ಮೊದಲು ಹಗೆಯು ಹಂಚಿಕೆಯಾಗುವದು.

ಧೋಂಡಿಯಾನ ಜಯವಾದರೂ ಬಹಳ ದಿನ ನಿಲ್ಲಲಿಲ್ಲ. ಅವನನ್ನು ಹಿಡಿದಲ್ಲಿಯೇ ಮರಕ್ಕೆ ನೇತುಹಾಕಬೇಕೆಂಬ ಆಜ್ಞೆಯೊಡನೆ ಮದರಾಸಿನ ಸರಕಾರವು ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು ಕಳಿಸಿತ್ತು. ಕುಂದಗೋಳದ ತರುವಾಯ ಡಂಬಳವು ಹೋಯಿತು. ಜುಲೈ ೩೦ರಂದು ಮುನವಳ್ಳಿಯ ಬಳಿಯಲ್ಲಿ ಅವನ ಪಾಳೆಯವು ಒಡೆದು, ಅನೇಕರು ಮಲಪ್ರಭೆಯ ಪಾಲಾದರು. ಕೊನೆಗೆ ಸಪ್ಟಂಬರ್ ೧೦ರಂದು, ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ, ಕೋಣಗಲ್ಲೆಂಬ ಹಳ್ಳಿಯ ಹತ್ತಿರ ವೆಲ್ಲೆಸ್ಲಿಯು ನಾಲ್ಕು ಕುದುರೆಯ ದಂಡುಗಳನ್ನು ತಾನೇ ಮುನ್ನಡಿಸಿಕೊಂಡು ಹೋಗಿ, ಸುಮಾರು ಐದು ಸಾವಿರ ಸವಾರರನ್ನು ಚದರಿಸಿದನು. ಉಭಯಲೋಕಾಧೀಶ್ವರನು ಆ ಬಯಲಿನಲ್ಲಿ ಸತ್ತು ಬಿದ್ದನು.

ಗೆದ್ದವರು ಸಾಮಾನು ಸರಂಜಾಮುಗಳನ್ನು ನೋಡುತ್ತಿರುವಾಗ ಅವುಗಳ ನಡುವೆ ಸುಮಾರು ನಾಲ್ಕು ವರ್ಷದ ಒಂದು ಗಂಡುಮಗುವು ಸಿಕ್ಕಿತು. ಅವನ ಹೆಸರು ಸಲಾಬತ್ ಖಾನ. ಧೋಂಡಿಯಾನ ಮಗನೆಂದೂ ಸಾಕುಮಗನೆಂದೂ ಎರಡು ಬಗೆಯಾಗಿ ಹೇಳುವರು. ಹೇಗಿದ್ದರೂ ಅವನ ಅಕ್ಕರೆಯ ಕೂಸು. ಲೂಟಿಯ ಗಂಟುಗಳ ನಡುವೆ, ಆನೆ ಒಂಟೆಗಳ ನಡುವೆ, ಸೋತ ಪಾಳೆಯದ ಕೂಗಾಟದಲ್ಲಿ ಆ ಮಗುವು ಉಳಿದಿತ್ತು. ತಂದೆಯು ಅಷ್ಟು ಊರುಗಳನ್ನು ಸುಲಿದಿದ್ದನು. ಮಗನನ್ನು ನಂಬಿ ಬಿಡಬಹುದಾದ ಮನೆಯೊಂದನ್ನು ಮಾತ್ರ ಗಳಿಸಿದ್ದಿಲ್ಲ. ಸಾವಿರಾರು ಮನೆಗಳ ಬಾಗಿಲನ್ನು ಒಡೆದವನಿಗೆ ತನ್ನ ಕೂಸನ್ನು ಒಪ್ಪಿಸಲು ಒಂದು ಬಾಗಿಲೂ ತೆರೆದಿರಲಿಲ್ಲ. ಪಾಪದ ಪಾಲು ಬೇಡವೆನ್ನುವ ಅಧಿಕಾರವು ಆ ಮಗುವಿಗೂ ಇತ್ತು. ಆದರೆ ದುಃಖದ ಪಾಲು ಅದನ್ನು ಕೇಳದೆಯೇ ಬಂದಿತ್ತು.

ಆ ಮಗುವನ್ನು ವೆಲ್ಲೆಸ್ಲಿಯು ತನ್ನ ಡೇರೆಗೆ ಕರೆತರಿಸಿ ತನ್ನ ರಕ್ಷಣೆಯಲ್ಲಿಟ್ಟುಕೊಂಡನು. ೧೮೦೫ರಲ್ಲಿ ತನ್ನ ದೇಶಕ್ಕೆ ಮರಳುವಾಗ ಅವನ ಪೋಷಣೆಗೆಂದು ಹಣವನ್ನು ಶ್ರೀರಂಗಪಟ್ಟಣದ ಅಧಿಕಾರಿಯ ಕೈಯಲ್ಲಿಟ್ಟು ಹೋದನು. ಹುಡುಗನು ಬೆಳೆದು ಮೈಸೂರು ಅರಸರ ಸೇವೆಯನ್ನು ಸೇರಿ, ೧೮೨೨ರಲ್ಲಿ ವಾಂತಿಭೇದಿಯ ಬೇನೆಯಿಂದ ತೀರಿಕೊಂಡನು. ತಂದೆಯನ್ನು ಮರಕ್ಕೆ ಹಾಕಲು ಬಂದ ಕೈಯೇ ಮಗನಿಗೆ ಅನ್ನವನ್ನು ಹಾಕಿತು.

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ವೆಲ್ಲೆಸ್ಲಿಯೂ ಪಗಾರದ ಸಿಪಾಯಿಯೇ ಅಲ್ಲವೇ? ಒಂದು ವ್ಯಾಪಾರಿ ಕುಂಪಣಿಯ ಲಾಭಕ್ಕಾಗಿ ದೂರದೇಶದಲ್ಲಿ ಕಾದಿದವನು ಯಾವ ನ್ಯಾಯದಿಂದ ಧೋಂಡಿಯಾನಿಗಿಂತ ಮೇಲಾದನು? ಈ ಆಕ್ಷೇಪಣೆಯು ಸುಳ್ಳಲ್ಲ. ಅವನ ಸ್ವಂತ ಮನೆಯನ್ನು ನೋಡಿದರೂ ಇದೇ ತೋರುವದು. ೧೮೦೬ರಲ್ಲಿ ಕ್ಯಾಥರಿನ್ ಪಾಕೆನ್‌ಹ್ಯಾಮಳನ್ನು ಮದುವೆಯಾದ ಅವನು, ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಜಗತ್ಪ್ರಸಿದ್ಧನಾದರೂ, ದಾಂಪತ್ಯದಲ್ಲಿ ಸುಖವನ್ನು ಕಾಣಲಿಲ್ಲ. ವೈರಿಯ ಮಗನಿಗೆ ನೆರಳು ಕೊಟ್ಟವನ ಮನೆಯಲ್ಲಿಯೇ ನೆರಳು ತೆಳುವಾಗಿತ್ತು. ಆದ್ದರಿಂದ ಅವನ ಯುದ್ಧವು ಧರ್ಮಯುದ್ಧವಾಗಿತ್ತೆಂದು ಇಲ್ಲಿ ಹೇಳುವದಿಲ್ಲ. ಕೋಣಗಲ್ಲಿನಲ್ಲಿ ಒಂದು ಗಳಿಗೆಯ ಮಟ್ಟಿಗೆ ಅವನು ತಂದೆಯ ಲೆಕ್ಕವನ್ನು ಮಗನ ಹೆಸರಿಗೆ ಬರೆಯಲಿಲ್ಲವೆಂಬಷ್ಟೇ ಇಲ್ಲಿಯ ಮಾತು. ಆ ಗಳಿಗೆಯ ಕೆಲಸಕ್ಕೆ ಅವನಿಗೆ ಯಾರೂ ಪಗಾರವನ್ನು ಕೊಟ್ಟಿರಲಿಲ್ಲ.

ಎರಡನೆಯ ಆಕ್ಷೇಪಣೆಯು ಇನ್ನೂ ಬಲವಾದದ್ದು. ಕೂಲಿಯನ್ನು ತೆಗೆದುಕೊಳ್ಳುವದೇ ದೋಷವಾದರೆ ಲೋಕದಲ್ಲಿ ನಿರ್ದೋಷಿಯು ಯಾರು? ಶಾಲೆಯ ಗುರುವೂ ವೈದ್ಯನೂ ಗಡಿಯನ್ನು ಕಾಯುವ ಸಿಪಾಯಿಯೂ ಪಗಾರದಿಂದಲೇ ಸಂಸಾರವನ್ನು ನಡೆಸುವರು. ನಿಜ. ಕೂಲಿಯಲ್ಲಿ ದೋಷವಿಲ್ಲ, ಕೈಯೊಡನೆ ವಿವೇಕವನ್ನೂ ಮಾರುವದರಲ್ಲಿ ದೋಷವಿದೆ. ವೈದ್ಯನು ತನ್ನ ಶ್ರಮವನ್ನು ಮಾರುವನು. ವಿಷವನ್ನು ಕೊಡು ಎಂದರೆ ಕೊಡುವದಿಲ್ಲ. ಕೊಡುವೆನೆಂದವನು ವೈದ್ಯನಾಗಿ ಉಳಿಯಲಿಲ್ಲ.

ಈ ಭೇದವು ಎಷ್ಟು ಸೂಕ್ಷ್ಮವಾದದ್ದೆಂಬದನ್ನು ದ್ರೋಣಾಚಾರ್ಯರ ಚರಿತ್ರೆಯು ತೋರಿಸುವದು. ಅವರು ಧೋಂಡಿಯಾನಂಥ ಸುಲಿಗೆಗಾರರಲ್ಲ, ವಿದ್ಯಾವಂತರು, ತಪಸ್ವಿಗಳು. ಹಾಲಿಲ್ಲದೆ ಹಿಟ್ಟಿನ ನೀರನ್ನು ಕುಡಿದು ಹಾಲೆಂದು ಕುಣಿದ ಮಗನನ್ನು ಕಂಡು ಅವರ ಕರುಳು ಕಿವುಚಿತು. ಆ ಮಗನ ಸಲುವಾಗಿಯೇ ಹಸ್ತಿನಾವತಿಯ ಅನ್ನಕ್ಕೆ ಬಂದರು. ಧರ್ಮವು ಎಲ್ಲಿದೆಯೆಂದು ಬಲ್ಲವರಾಗಿಯೂ, ಉಂಡ ಅನ್ನಕ್ಕೆ ಕಟ್ಟುಬಿದ್ದು ಅದರ ಇದಿರಿನ ಪಕ್ಷದಲ್ಲಿ ನಿಂತರು. ಮಗನು ಸತ್ತನೆಂಬ ಮಾತನ್ನು ಕೇಳಿ ಶಸ್ತ್ರವನ್ನು ಇಳಿಸಿದರು, ಪ್ರಾಣವು ಹೋಯಿತು. ಆ ಮಗನು ಮಾಡಿದ್ದೇನು? ತಂದೆಯ ಹಗೆಯನ್ನು ಹೊತ್ತು ರಾತ್ರಿಯಲ್ಲಿ ಪಾಳೆಯವನ್ನು ಹೊಕ್ಕು, ಮಲಗಿದ್ದ ಮಕ್ಕಳನ್ನು ಕೊಂದನು. ಒಂದು ಬಟ್ಟಲು ಹಾಲಿನಿಂದ ತೊಡಗಿದ ದಾರಿಯು ಅಲ್ಲಿಗೆ ಬಂದು ಮುಟ್ಟಿತು.

ಮನುಷ್ಯನ ಮನಸ್ಸು ದೇಶದಿಂದ ದೇಶಕ್ಕೆ ಬೇರೆಯಾಗಿಲ್ಲ. ಇಂದಿನ ಮನೆಗಳಲ್ಲಿ ಹುಡುಗರು ಓದುವ ಅಮೇರಿಕೆಯ ಚಿತ್ರಕಥೆಗಳಲ್ಲಿ ಡೆತ್‌ಸ್ಟ್ರೋಕನೆಂಬ ಕೂಲಿಯ ಕೊಲೆಗಾರನೊಬ್ಬನುಂಟು. ೧೯೮೦ರಲ್ಲಿ ಮಾರ್ವ್ ವುಲ್ಫ್‌ಮನ್, ಜಾರ್ಜ್ ಪೆರೆಜ್ ಎಂಬವರು ಅವನನ್ನು ಕಲ್ಪಿಸಿದರು. ಅವನ ಹಿರಿಯ ಮಗನು ತಂದೆಯಂತೆಯೇ ಕೊಲೆಯ ಕರಾರು ಮಾಡಿಕೊಂಡು, ಅದು ಪೂರ್ತಿಯಾಗುವ ಮೊದಲೇ ಸತ್ತನು. ಮಗನು ಬಿಟ್ಟ ಕರಾರನ್ನು ತಂದೆಯು ವಹಿಸಿಕೊಂಡನು. ಅದಕ್ಕೂ ಮುಂಚೆ ಶತ್ರುಗಳು ಕಿರಿಯ ಮಗನನ್ನು ಹಿಡಿದೊಯ್ದು, ತಂದೆಗೆ ಕೆಲಸವನ್ನು ಕೊಟ್ಟವನ ಹೆಸರನ್ನು ಕೇಳಿದ್ದರು. ಅವನು ಹೆಸರನ್ನು ಹೇಳಲಿಲ್ಲ. ತನ್ನ ಚಾತುರ್ಯದಿಂದಲೇ ಮಗನನ್ನು ಬಿಡಿಸಿಕೊಳ್ಳುವೆನೆಂದು ನಂಬಿದನು. ಮಗನು ಬದುಕಿದನು, ಆದರೆ ಕೊರಳಿಗೆ ಕತ್ತಿಯು ತಾಗಿ ಜನ್ಮಪೂರ್ತಿ ಮೂಕನಾದನು. ಅದನ್ನು ತಾಳಲಾರದೆ ಹೆಂಡತಿಯು ಗಂಡನ ಮೇಲೆ ಗುಂಡು ಹಾರಿಸಲು ಅವನ ಒಂದು ಕಣ್ಣು ಹೋಯಿತು. ಕಥೆಯು ಹುಡುಗರದು, ಅದರೊಳಗಿನ ಪ್ರಶ್ನೆಯು ಹಿರಿಯರದು. ಆಡಿದ ಮಾತಿಗೆ ತಪ್ಪದಿರುವದು ಸದ್ಗುಣವೇ ಸರಿ. ಆದರೆ ಮಾರಿಕೊಂಡ ವಿವೇಕಕ್ಕೆ ಸದ್ಗುಣವೂ ಆಸರೆಯಾಗದು. ಅಂಥವನ ಸತ್ಯನಿಷ್ಠೆಯು ಕೂಡ ಕೂಲಿ ಕೊಟ್ಟವನ ಸೊತ್ತಾಗಿರುವದರಿಂದ, ಮಗನ ಕೊರಳಿನ ಬೆಲೆಯಿಂದ ಅದನ್ನು ಕಾಯಬೇಕಾಗುವದು.

ಹೀಗೆ ಮೂರು ಮನೆಗಳನ್ನು ನೋಡಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಮಕ್ಕಳ ಸಲುವಾಗಿ ಎಂಬ ಮಾತು ಸುಳ್ಳಾಗಿರಬೇಕೆಂದಿಲ್ಲ. ದ್ರೋಣರ ವಾತ್ಸಲ್ಯವು ಸುಳ್ಳಲ್ಲ. ಸಾಯುವ ದಿನದವರೆಗೂ ಮಗುವನ್ನು ಪಾಳೆಯದಲ್ಲಿಯೇ ಇಟ್ಟುಕೊಂಡ ಧೋಂಡಿಯಾನ ಅಕ್ಕರೆಯೂ ಸುಳ್ಳಾಗಿರಲಾರದು. ಆದರೆ ವಾತ್ಸಲ್ಯವು ಕೆಲಸದ ಕಾರಣವನ್ನು ಹೇಳುವದೇ ಹೊರತು ಕೆಲಸವನ್ನು ಶುದ್ಧಮಾಡುವದಿಲ್ಲ. ಇಷ್ಟೇ ಅಲ್ಲ, ಅಧರ್ಮಕ್ಕೆ ಮಗನ ಹೆಸರನ್ನು ಇಟ್ಟವನು ಆ ಮಗನನ್ನು ಅಧರ್ಮದ ದಾರಿಯ ನಡುವೆಯೇ ತಂದು ನಿಲ್ಲಿಸಿದಂತಾಗುವದು. ಪೆಟ್ಟು ಬಂದಾಗ ಮೊದಲು ಬೀಳುವದು ಅಲ್ಲಿ ನಿಂತವನ ಮೇಲೆ.

ಇಂದು ಖಡ್ಗವನ್ನು ಮಾರುವವರು ಕಡಿಮೆ. ಆದರೆ ಸಹಿಯನ್ನು ಮಾರುವವರು, ಸಾಕ್ಷಿಯನ್ನು ಮಾರುವವರು, ಕಂಡದ್ದನ್ನು ಕಾಣಲಿಲ್ಲವೆಂದು ಹೇಳಿ ಪಗಾರದ ಮೇಲೆ ಇನ್ನಷ್ಟು ತರುವವರು ಕಡಿಮೆಯಾಗಿಲ್ಲ. ಅವರನ್ನು ಕೇಳಿದರೆ ಅವರೂ ಹೆಂಡಿರು ಮಕ್ಕಳ ಹೆಸರನ್ನೇ ಹೇಳುವರು. ಮಗನ ಫೀ, ಮಗಳ ಮದುವೆ, ಒಂದು ಮನೆ. ಯಾವದೂ ಕೆಟ್ಟ ಆಸೆಯಲ್ಲ. ಅಂಥ ಗೃಹಸ್ಥನಿಗೆ ಶಾಸ್ತ್ರದ ದೊಡ್ಡ ಪರೀಕ್ಷೆಯು ಬೇಕಾಗಿಲ್ಲ. ರಾತ್ರಿಯಲ್ಲಿ ಎಲೆಯ ಮುಂದೆ ಕುಳಿತಾಗ, ಅಪ್ಪಾ, ಈ ದಿನ ಏನು ಮಾಡಿದಿ ಎಂದು ಮಗನು ಕೇಳಿದರೆ, ಇದ್ದದ್ದನ್ನು ಇದ್ದಂತೆ ಹೇಳಬಲ್ಲನೇ ಎಂಬದನ್ನು ಅವನು ತನ್ನಷ್ಟಕ್ಕೆ ನೋಡಿಕೊಂಡರೆ ಸಾಕು. ಹೇಳಬಲ್ಲನಾದರೆ ಆ ಅನ್ನವು ಮಗನದಾಗುವದು. ಹೇಳಲಾರನಾದರೆ ಋಷಿಗಳ ಪ್ರಶ್ನೆಯು ಅವನ ಮನೆಯ ಹೊಸ್ತಿಲಲ್ಲಿ ಬಂದು ನಿಂತಿದೆಯೆಂದು ತಿಳಿಯಬೇಕು.

ನೋಡುವವರಿಗೂ ಇಲ್ಲಿ ಒಂದು ಕರ್ತವ್ಯವುಂಟು. ಅಂಥ ಮನೆಯು ಎಂದಾದರೂ ಬಿದ್ದಾಗ ಊರವರು ತಂದೆಯ ಹೆಸರಿನಿಂದ ಮಗುವನ್ನು ಕರೆದು ನಗುವದುಂಟು, ಶಾಲೆಯಲ್ಲಿ ಅದರ ಜೊತೆಗೆ ಕೂಡಬೇಡವೆಂದು ತಮ್ಮ ಮಕ್ಕಳಿಗೆ ಹೇಳುವದುಂಟು. ಆಗ ಕೋಣಗಲ್ಲಿನ ಬಯಲನ್ನು ನೆನೆಯಬೇಕು. ತಂದೆಯ ಲೆಕ್ಕವು ತಂದೆಯೊಡನೆ ಅಲ್ಲಿಯೇ ಮುಗಿದಿತ್ತು. ಗಂಟುಗಳ ನಡುವೆ ಕುಳಿತಿದ್ದ ಆ ನಾಲ್ಕು ವರ್ಷದ ಕೂಸಿಗೆ ಬೇಕಾಗಿದ್ದದ್ದು ಅನ್ನ ಮತ್ತು ನೆರಳು. ಅವೆರಡೂ ಅದಕ್ಕೆ ದೊರೆತವು.