ಸಂತೆಪೇಟೆಯ ಬೋರಿಂಗ್ ಯಾರದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಸಂತೆಯ ಊರುಗಳಲ್ಲಿ ಕೆಟ್ಟು ನಿಂತ ಬೋರಿಂಗ್ ಎದುರಾದರೆ ನಾವೇನು ಮಾಡುತ್ತೇವೆ? “ಅದು ಪುರಸಭೆಯ ಕೆಲಸ” ಎಂದು ಮುಂದೆ ಸಾಗುತ್ತೇವೆ. ಹಾಗಾದರೆ ಎಲ್ಲರಿಗೂ ಸೇರಿದ ವಸ್ತು ಯಾರ ಹೊಣೆಯೂ ಅಲ್ಲವೇ?

ಬರದ ಸೀಮೆಯಾದ ವಿಜಯಪುರ ಜಿಲ್ಲೆಯಲ್ಲಿ ನೀರಿನ ಬೆಲೆಯನ್ನು ಹಿರಿಯರು ಬಲ್ಲವರಾಗಿದ್ದರು. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರ ನಗರಕ್ಕೆ 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಾಲಾಬ್ ಬಂದವು. ಕೆರೆಯ ನೀರು ಮಣ್ಣಿನ ಕೊಳವೆಗಳಲ್ಲಿ ಹರಿಯುತ್ತಿತ್ತು. ಒತ್ತಡ ತಗ್ಗಿಸಲು, ಕೆಸರು ತಂಗಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳಿದ್ದವು. ನಮ್ಮ ಇಂದಿನ ಬೋರಿಂಗಿನ ಮೂಲವೂ ದೂರದ್ದಲ್ಲ. ಇಂಡಿಯ ಗಡಿಯಾಚೆಗಿನ ಸೊಲ್ಲಾಪುರದಲ್ಲಿ ರೂಪುಗೊಂಡ ಕೈಪಂಪನ್ನು ಆಧರಿಸಿ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ‘ಇಂಡಿಯಾ ಮಾರ್ಕ್ 2’ ಸಿದ್ಧವಾಯಿತು.

ಎರಡಕ್ಕೂ ನಿಯಮ ಒಂದೇ. ಗಂಜಿನ ಕೆಸರು ತೆಗೆಯದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಪಂಪಿನೊಳಗಿನ ವಾಷರ್ ಸವೆದರೆ ನೀರು ಮೇಲೇರದು. ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿರುತ್ತದೆ. ಕೆಸರು ತೆಗೆದವನ, ವಾಷರ್ ಬದಲಿಸಿದವನ ಹೆಸರು ಎಲ್ಲಿಯೂ ಇರುವುದಿಲ್ಲ.

ಹಝ್ರತ್ ಉಸ್ಮಾನ್(ರ) ಮದೀನಾದ ರೂಮಾ ಬಾವಿಯನ್ನು ಖರೀದಿಸಿ ಜನರಿಗೆ ಬಿಟ್ಟುಕೊಟ್ಟರು. ಇಂತಹ ದಾನವನ್ನು ಸದಕಾ ಜಾರಿಯಾ ಎನ್ನುತ್ತೇವೆ. ‘ಜಾರಿಯಾ’ ಎಂದರೆ ಹರಿಯುತ್ತಿರುವುದು. ನೀರೇ ನಿಂತ ಮೇಲೆ ಹರಿಯುವುದಾದರೂ ಏನು? ದಾನಿಯ ಸಂಕಲ್ಪದ ಪ್ರತಿಫಲ ಅಲ್ಲಾಹನ ಬಳಿ ಇದೆ. ಆದರೆ ಆ ದಾನವನ್ನು ಹರಿಯುವಂತೆ ಇಟ್ಟವನಿಗೂ ಅದರಲ್ಲಿ ಪಾಲಿದೆಯೆಂದು ಆಶಿಸೋಣ.

“ಈಗ ಮನೆಗೇ ನಲ್ಲಿ ಬಂದಿದೆ, ಬೋರಿಂಗ್ ಏಕೆ?” ಎಂದು ಕೆಲವರು ಕೇಳಬಹುದು. ಮನೆಯ ನಲ್ಲಿ ಮನೆಯವರಿಗೆ. ಸಂತೆಗೆ ಬಂದ ರೈತ, ಮೂಟೆ ಹೊರುವ ಹಮಾಲ, ಕೂಸನ್ನೆತ್ತಿಕೊಂಡು ಬಸ್ಸಿಗೆ ಕಾಯುವ ತಾಯಿ, ಇವರಿಗೆ ಈ ಊರಿನಲ್ಲಿ ಮನೆಯಿಲ್ಲ. ಬಾಟಲಿ ನೀರು ಕೊಳ್ಳಲು ಎಲ್ಲರ ಕಿಸೆಯಲ್ಲೂ ಹಣವಿರುವುದಿಲ್ಲ. ದಾರಿಯಲ್ಲಿ ಹೆಚ್ಚುವರಿ ನೀರಿದ್ದೂ ದಾರಿಹೋಕನಿಗೆ ಕೊಡದವನತ್ತ ಅಂತ್ಯದಿನದಂದು ಅಲ್ಲಾಹನು ನೋಡಲಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಜನಾಝಾ ನಮಾಝ್ ಫರ್ಝ್ ಕಿಫಾಯ. ಕೆಲವರು ನಿರ್ವಹಿಸಿದರೆ ಎಲ್ಲರ ಹೊಣೆಯೂ ತೀರುತ್ತದೆ, ಯಾರೂ ನಿರ್ವಹಿಸದಿದ್ದರೆ ಎಲ್ಲರೂ ತಪ್ಪಿತಸ್ಥರು. ಊರಿನ ನೀರನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಎಲ್ಲರದ್ದೆಂದರೆ ಯಾರದ್ದೂ ಅಲ್ಲವೆಂದಲ್ಲ, ಪ್ರತಿಯೊಬ್ಬನದ್ದೂ ಎಂದರ್ಥ. ಪುರಸಭೆಗೆ ಕರ್ತವ್ಯವಿದೆ, ನಿಜ. ಆದರೆ ಅದನ್ನು ನೆನಪಿಸುವ ಅರ್ಜಿ ಬರೆಯುವುದು ನಮ್ಮ ಕರ್ತವ್ಯ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ನೆರೆಯ ಹಿಂದೂ ಸಹೋದರರನ್ನೂ ಜೊತೆಗೆ ಕರೆಯೋಣ. ಬಾಯಾರಿಕೆಗೆ ಜಾತಿಯಿಲ್ಲ.

ಹೊಸ ಬಾವಿ ತೋಡಿಸುವ ಶಕ್ತಿಯನ್ನು ಅಲ್ಲಾಹನು ಎಲ್ಲರಿಗೂ ಕೊಟ್ಟಿಲ್ಲ. ಒಂದು ವಾಷರಿನ ಬೆಲೆ ಕೊಡುವ ಶಕ್ತಿ ನಮ್ಮಲ್ಲಿ ಹಲವರಿಗಿದೆ.