ಸ್ಯಾಂಪಲ್ ತಂದಿದ್ದೀರಾ?

ಬೆಂಗಳೂರಿನ ಟೌನ್ ಹಾಲ್ ಕಡೆಯಿಂದ ಮಿನರ್ವ ಸರ್ಕಲ್‌ಗೆ ಹೋಗುವ ಜೆ.ಸಿ. ರಸ್ತೆಯಲ್ಲಿ ಹಳೇ ಕಾರಿನ ಸ್ಪೇರ್ ಕೇಳಿಕೊಂಡು ಯಾವ ಅಂಗಡಿ ಹತ್ತಿದರೂ ಮೊದಲ ಪ್ರಶ್ನೆ ಒಂದೇ: 'ಸ್ಯಾಂಪಲ್ ತಂದಿದ್ದೀರಾ?' ನಾನು ತಂದಿದ್ದೆ. ಅಪ್ಪನ ಪ್ರೀಮಿಯರ್ ಪದ್ಮಿನಿಯ ಹಿಂದಿನ ಚಕ್ರದ ವೀಲ್ ಸಿಲಿಂಡರ್. ಬ್ರೇಕ್ ಆಯಿಲ್ ಇಳಿದು, ಸುತ್ತಿದ್ದ ಪೇಪರೆಲ್ಲ ನೆನೆದಿತ್ತು.

ಅಂಗಡಿಯವರು ಅದನ್ನು ಒರೆಸಿ, ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಗೀರು ಬಿದ್ದಿದೆ, ರಬ್ಬರ್ ಬದಲಿಸಿದರೂ ಸೋರುವುದು ನಿಲ್ಲುವುದಿಲ್ಲ ಎಂದರು. ಹಿಂದಿನ ಅಟ್ಟಣೆಯಲ್ಲಿ ಅಂಥದ್ದೇ ಒಂದು ಕಂಡಿತು. ಗುಜರಿ ಗಾಡಿಯಿಂದ ಬಿಚ್ಚಿದ್ದು. ಅದನ್ನೇ ಕೊಡಿ ಎಂದೆ.

'ಅದು ಅಳತೆಗೆ ಇಟ್ಟಿರೋದು. ಬಾಗಿಲ ಹ್ಯಾಂಡಲ್ ಕೇಳಿ, ಹಳೇದೇ ಕೊಡ್ತೀನಿ. ಬ್ರೇಕಿಗೆ ಕೊಡಲ್ಲ ಸಾರ್. ಮನೆಯವರು ಕೂರೋ ಗಾಡಿ. ಹೊಸದು ಹುಡುಕ್ತೀನಿ, ಕಾಯ್ತೀರಾ?'

ಕೈಗೆ ಬಂದ ವ್ಯಾಪಾರ ಬಿಟ್ಟರು. ಗ್ಯಾರಂಟಿ ಎಂದು ಅವರು ನನಗೆ ಒಂದು ಚೀಟಿಯನ್ನೂ ಬರೆದುಕೊಟ್ಟಿರಲಿಲ್ಲ.

ಪದ್ಮಿನಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು. 2000ದ ಸುಮಾರಿಗೆ ಅದರ ತಯಾರಿಕೆ ನಿಂತರೂ ಬಿಡಿಭಾಗ ಸಿಗುತ್ತಲೇ ಇತ್ತು, ಆ ಊರಿನ ಕಪ್ಪು-ಹಳದಿ ಟ್ಯಾಕ್ಸಿಗಳ ಪುಣ್ಯದಿಂದ. ಸಾವಿರಾರು ಚಾಲಕರ ಹೊಟ್ಟೆಪಾಡು ಆ ಗಾಡಿಯ ಮೇಲಿತ್ತು. ಯಾರೋ ಎಲ್ಲೋ ರಬ್ಬರ್, ಬುಷ್, ಬೇರಿಂಗ್ ಮಾಡಿ ಮಾರುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 20 ವರ್ಷದ ಮಿತಿ ಮುಟ್ಟಿ ರಸ್ತೆಯಿಂದ ಇಳಿಯಿತು. ಈಗ ನಮ್ಮಂಥವರ ಪಾಲಿಗೆ ಉಳಿದಿರುವುದು ಹಳೇ ದಾಸ್ತಾನು, ಇಲ್ಲವೇ ಲೇತ್ ಮುಂದೆ ನಿಂತ ಯಾರದೋ ಕೈಚಳಕ.

ನನ್ನ ತಂಗಿಯ ಕಾರು ಹೊಸದು. ವಾರಂಟಿ ಇರುವಾಗಲೇ ಕಿಟಕಿಯ ಮೋಟರ್ ಕೈಕೊಟ್ಟಿತು. ಹಿಂದೊಮ್ಮೆ ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಹಾಕಿಸಿದ್ದೀರಿ, ಆದ್ದರಿಂದ ವಾರಂಟಿ ಸಲ್ಲದು ಎಂದರು ಸರ್ವಿಸ್ ಸೆಂಟರಿನವರು. ಆಯಿಲಿಗೂ ಕಿಟಕಿಗೂ ಏನು ನಂಟು ಎಂದು ಅವಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ದುಡ್ಡು ಕಟ್ಟಿ ಬಂದಳು. ನನಗೆ ಈಗಲೂ ಸಂಕಟವಾಗುವುದು ಆ ದುಡ್ಡಿಗಲ್ಲ. ಅವಳು ಮನೆಗೆ ಬಂದು, 'ತಪ್ಪು ನಂದೇನೋ ಅಣ್ಣ' ಅಂದಳಲ್ಲ, ಅದಕ್ಕೆ.

ತಪ್ಪು ಅವಳದಲ್ಲ. ಒಬ್ಬ ವ್ಯಕ್ತಿ 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಬಿಡಿಭಾಗಗಳನ್ನು ಹೊರಗೆ ಮಾರಲು ಬಿಡಿ, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದೆಂದು ಸಾರಾಸಗಟು ಷರತ್ತು ಹಾಕಬೇಡಿ ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು.

ವಾರಂಟಿ ಎಂದರೆ ಕೊಟ್ಟ ಮಾತು. ಮಾರುವ ದಿನ ಆ ಮಾತಿಗೆ ಖರ್ಚಿಲ್ಲ, ಲಾಭವೇ ಉಂಟು. ಅದರ ಭಾರ ಬೀಳುವುದು ಬೇರೊಂದು ದಿನ, ಮಾರಲು ಇನ್ನೇನೂ ಉಳಿಯದಾಗ. 2017ರಲ್ಲಿ ಜನರಲ್ ಮೋಟರ್ಸ್ ಇಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ಕೈಬಿಡುವುದಾಗಿ ಹೇಳಿತು. ಸರ್ವಿಸು, ಬಿಡಿಭಾಗ, ವಾರಂಟಿ ಮುಂದುವರಿಯುತ್ತವೆ ಎಂದು ಎರಡೂ ಮಾತು ಕೊಟ್ಟವು. ಸಂತೆ ಮುಗಿಸಿ ಗಂಟು ಕಟ್ಟಿದ ಮೇಲೂ ವ್ಯಾಪಾರಿ ಕರೆದರೆ ಓಗೊಡಬೇಕು ಎಂದು ನಾವು ಬಯಸುವುದು ಅತಿಯಾಸೆಯಲ್ಲ. ಕಾರು ಕೊಂಡವರು ಆ ಮಾತಿಗೂ ಸೇರಿಸಿಯೇ ಬೆಲೆ ತೆತ್ತಿದ್ದಾರೆ.

ಮೂರನೇ ವಾರ ಅಂಗಡಿಯವರ ಫೋನ್ ಬಂತು. ಮುಂಬಯಿಯ ಯಾವುದೋ ಹಳೇ ಅಂಗಡಿಯ ದಾಸ್ತಾನಿನಿಂದ ತರಿಸಿದ್ದರು, ಡಬ್ಬಿಯ ಬಣ್ಣ ಮಾಸಿತ್ತು, ಒಳಗಿನ ಸಿಲಿಂಡರ್ ಮಾತ್ರ ಹೊಚ್ಚಹೊಸದು. ಹಾಕಿಸಿದ ಮೇಲೆ ಸೋರಿದರೆ ವಾಪಸು ತನ್ನಿ ಎಂದರು. ದುಡ್ಡು ಕೊಟ್ಟು ಹೊರಟವನನ್ನು ಕರೆದು ನಿಲ್ಲಿಸಿದರು.

'ನಿಮ್ಮ ಹಳೇದನ್ನ ಬಿಟ್ಟುಹೋಗಿ ಸಾರ್. ಅದು ಎಡಗಡೇದು, ನನ್ನ ಹತ್ರ ಬಲಗಡೇದು ಮಾತ್ರ ಇದೆ. ನಾಳೆ ಯಾರಾದ್ರೂ ಕೇಳ್ಕೊಂಡು ಬಂದ್ರೆ ಅಳತೆ ಬೇಕಲ್ಲ.'

ಕೊಟ್ಟೆ. ಅದನ್ನು ಇನ್ನೊಮ್ಮೆ ಒರೆಸಿ, ಅಟ್ಟಣೆಯಲ್ಲಿದ್ದ ಅದರ ಜೊತೆಯ ಪಕ್ಕಕ್ಕಿಟ್ಟರು.